ಹಳೆಯ ಲೇಥ್ ಯಂತ್ರಕ್ಕೆ ಮರುಜೀವ: ಹೊಸ ಉದ್ಯಮಿಗೊಂದು ಪ್ರಾಯೋಗಿಕ ಪಾಠ

ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಸಣ್ಣ ವರ್ಕ್‌ಶಾಪ್ ಆರಂಭಿಸಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಬಂಡವಾಳದ್ದು. ಹೊಸ ಸಿಎನ್‌ಸಿ ಯಂತ್ರಕ್ಕೆ ಸಾಲ ಮಾಡಿದರೆ, ಕೆಲಸ ಬರಲಿ ಬಿಡಲಿ, ತಿಂಗಳ ಕಂತು ಮಾತ್ರ ತಪ್ಪದೆ ಬರುತ್ತದೆ. ಇನ್ನೊಂದೆಡೆ, ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳ ಎಷ್ಟೋ ಶೆಡ್ಡುಗಳಲ್ಲಿ ಹಿಂದಿನ ತಲೆಮಾರಿನ ಲೇಥ್ ಯಂತ್ರಗಳು ಧೂಳು ಹೊದ್ದು ನಿಂತಿವೆ. ಅವುಗಳಲ್ಲಿ ಕೆಲವು ಗುಜರಿ ವ್ಯಾಪಾರಿಯ ತಕ್ಕಡಿಗೆ ಹೋಗಲು ಯೋಗ್ಯವಾದವು. ಕೆಲವು ಇನ್ನೂ ಮೂವತ್ತು ವರ್ಷ ದುಡಿಯಬಲ್ಲವು. ಯಾವುದು ಯಾವುದೆಂದು ಗುರುತಿಸುವುದು ಹೇಗೆ, ಯೋಗ್ಯವಾದುದನ್ನು ಮತ್ತೆ ಕೆಲಸಕ್ಕೆ ಹಚ್ಚುವುದು ಹೇಗೆ ಎಂಬುದನ್ನು ಈ ಕೆಲಸಕ್ಕೆ ಹೊಸಬರಾದವರಿಗಾಗಿ ಕ್ರಮವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ನಮ್ಮ ಸೀಮೆಯ ಪರಂಪರೆ

ಯಂತ್ರ ಕಟ್ಟುವ ವಿದ್ಯೆ ನಮ್ಮ ಭಾಗಕ್ಕೆ ಹೊಸದಲ್ಲ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮುಂದೆ ಕಬ್ಬಿಣದ ನೇಗಿಲಿನ ತಯಾರಿಕೆಗೆ ಕೈಹಾಕಿದರು. 1910ರಲ್ಲಿ ಕಿರ್ಲೋಸ್ಕರವಾಡಿಗೆ ಉದ್ಯಮವನ್ನು ಸ್ಥಳಾಂತರಿಸಿದರು. ಅದೇ ಮನೆತನದ ಉದ್ಯಮವಾಗಿ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. ಅಲ್ಲಿ ತಯಾರಾದ ‘ಎಂಟರ್‌ಪ್ರೈಸ್’, ‘ಟರ್ನ್‌ಮಾಸ್ಟರ್’ ಲೇಥ್‌ಗಳು ದೇಶದ ಉದ್ದಗಲಕ್ಕೂ ವರ್ಕ್‌ಶಾಪ್‌ಗಳನ್ನೂ ತರಬೇತಿ ಸಂಸ್ಥೆಗಳನ್ನೂ ಸೇರಿದವು. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಕೂಡ ತನ್ನ ಮೊದಲ ವರ್ಷಗಳಲ್ಲಿ ತಯಾರಿಸಿದ್ದು ಲೇಥ್‌ಗಳನ್ನೇ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ ಹತ್ತೊಂಬತ್ತನೆಯ ಶತಮಾನದಿಂದಲೂ ಫಿಟ್ಟರ್, ಟರ್ನರ್‌ಗಳ ತಲೆಮಾರುಗಳನ್ನೇ ಬೆಳೆಸಿದೆ.

ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದ ವರ್ಷಗಳಲ್ಲಿ ಮುಚ್ಚಿತು. ಆದರೆ ಅಲ್ಲಿಂದ ಹೊರಬಂದ ಯಂತ್ರಗಳು ನಮ್ಮ ನಡುವೆ ಇನ್ನೂ ಉಳಿದಿವೆ. ಅವುಗಳ ಜೊತೆಗೆ ರಾಜಕೋಟ್ ಹಾಗೂ ಪಂಜಾಬಿನ ಬಟಾಲದಿಂದ ಬಂದ, ಕಡಿಮೆ ಬೆಲೆಯ ಸರಳ ಲೇಥ್‌ಗಳೂ ನಮ್ಮ ಪೇಟೆಯಲ್ಲಿ ಸಾಕಷ್ಟಿವೆ. ಆದ್ದರಿಂದ ಹಳೆಯ ಲೇಥ್ ಎಂದೊಡನೆ ಎಲ್ಲವನ್ನೂ ಒಂದೇ ತೂಕದಲ್ಲಿ ಅಳೆಯಲಾಗದು.

ನನ್ನದೇ ಒಂದು ತಪ್ಪು

ಪಾಠಕ್ಕೆ ಮೊದಲು, ನಾನು ಕಲಿಯಲು ತೆತ್ತ ಶುಲ್ಕವನ್ನು ಹೇಳಿಬಿಡುವುದು ಲೇಸು. ಹಲವು ವರ್ಷಗಳ ಹಿಂದೆ, ಬಾಗಿಲು ಮುಚ್ಚುತ್ತಿದ್ದ ಒಂದು ಘಟಕದಿಂದ ಆರು ಅಡಿ ಬೆಡ್ಡಿನ ಲೇಥ್ ಒಂದನ್ನು ಕೊಂಡೆ. ಹೊಸದಾಗಿ ಬಳಿದ ಹಸಿರು ಬಣ್ಣ ನೋಡಿ ಮರುಳಾಗಿದ್ದೆ. ಮನೆಗೆ ತಂದು ಬಣ್ಣ ಕೆರೆದಾಗ ಗೇರ್ ಬಾಕ್ಸಿನ ಎರಕದಲ್ಲಿ ಪುಟ್ಟಿ ತುಂಬಿ ಮುಚ್ಚಿದ್ದ ಬಿರುಕು ಕಂಡಿತು. ಅದನ್ನು ಹೇಗೋ ಸರಿಪಡಿಸಿದೆ. ಎರಡನೆಯ ತಪ್ಪು ಮಾತ್ರ ಪೂರ್ತಿ ನನ್ನದೇ. ಸ್ಪಿಂಡಲ್ ಸ್ವಲ್ಪ ಅಲ್ಲಾಡುತ್ತದೆಂದು ಹೆಡ್‌ಸ್ಟಾಕಿನ ಕಂಚಿನ ಬೇರಿಂಗಿನ ಕ್ಯಾಪ್ ಕೆಳಗಿದ್ದ ತೆಳು ತಗಡುಗಳನ್ನು, ಅಂದರೆ ಶಿಮ್‌ಗಳನ್ನು, ಒಮ್ಮೆಗೇ ತೆಗೆದು ಬಿಗಿದೆ. ಅಲ್ಲಾಟ ನಿಂತಿತು. ಅದೇ ಸಂಜೆ ಅತಿ ವೇಗದಲ್ಲಿ ಓಡಿಸಿದೆ. ಇಪ್ಪತ್ತು ನಿಮಿಷಗಳಲ್ಲಿ ಬೇರಿಂಗ್ ಸುಟ್ಟು ಸ್ಪಿಂಡಲ್ ಹಿಡಿದುಕೊಂಡಿತು. ಒಪ್ಪಿಕೊಂಡಿದ್ದ ಪಂಪ್ ಶಾಫ್ಟುಗಳ ಕೆಲಸ ಬೇರೆಯವರ ಪಾಲಾಯಿತು. ಆ ಗ್ರಾಹಕರು ಮತ್ತೆ ನಮ್ಮ ಬಾಗಿಲಿಗೆ ಬರಲಿಲ್ಲ.

ಬೇರಿಂಗಿಗೂ ಸ್ಪಿಂಡಲ್ಲಿಗೂ ನಡುವೆ ಕೂದಲೆಳೆಗಿಂತಲೂ ತೆಳುವಾದ ಎಣ್ಣೆಯ ಪದರಕ್ಕೆ ಜಾಗ ಬೇಕು ಎಂಬ ಸರಳ ಸಂಗತಿ ತಿಳಿಯದೆ ಹೋದುದರ ಫಲವಿದು. ನಿವೃತ್ತರಾಗಿದ್ದ ಹಿರಿಯ ಫಿಟ್ಟರ್ ಒಬ್ಬರು ಬಂದು ನೋಡಿ, “ಮಿಶಿನ್ ಕೆಟ್ಟಿರಲಿಲ್ಲರೀ, ನೀವು ಕೆಡಿಸಿದ್ರಿ” ಎಂದರು. ಮುಂದೆ ಹೇಳಲಿರುವುದರಲ್ಲಿ ಬಹುಪಾಲು ಅವರಿಂದ ಕಲಿತದ್ದು.

ಕೊಳ್ಳುವ ಮೊದಲು ಪರೀಕ್ಷೆ

1. ಬೆಡ್: ಲೇಥಿನ ಜೀವ ಇರುವುದು ಬೆಡ್ಡಿನಲ್ಲಿ. ಹೆಚ್ಚಿನ ಕೆಲಸಗಳು ಗಿಡ್ಡವಾದ್ದರಿಂದ ಸವೆತವೆಲ್ಲ ಹೆಡ್‌ಸ್ಟಾಕಿನ ಸಮೀಪದಲ್ಲೇ ಆಗುತ್ತದೆ. ಕ್ಯಾರೇಜ್ ಸರಿಯುವ ಹಾದಿಯ ಅಂಚಿನ ಮೇಲೆ ಉಗುರು ಎಳೆಯಿರಿ; ಮೆಟ್ಟಿಲಿನಂತೆ ತಡೆದರೆ ಸವೆತ ಆಳವಾಗಿದೆ. ಎರಡನೆಯ ಪರೀಕ್ಷೆ: ಕ್ಯಾರೇಜನ್ನು ಹೆಡ್‌ಸ್ಟಾಕಿನ ಬಳಿ ತಂದು ಅಡಿಯ ಹಿಡಿತದ ಪಟ್ಟಿಯನ್ನು ಅಲ್ಲಾಟವಿಲ್ಲದಂತೆ ಹೊಂದಿಸಿ, ನಂತರ ಟೇಲ್‌ಸ್ಟಾಕ್ ಕಡೆಗೆ ಸರಿಸಿ. ಅಲ್ಲಿ ಬಿಗಿಯಾಗಿ ಸಿಕ್ಕಿಕೊಂಡರೆ ಈ ಬದಿ ಸವೆದಿದೆ ಎಂದರ್ಥ.

ಸವೆತ ಎಷ್ಟಿದೆ ಎಂಬುದರಷ್ಟೇ ಮುಖ್ಯ ಅದು ಯಾವ ದಿಕ್ಕಿನಲ್ಲಿದೆ ಎಂಬುದು. 25 ಮಿ.ಮೀ. ವ್ಯಾಸದ ಕೆಲಸದಲ್ಲಿ, ಕೇಂದ್ರದ ಎತ್ತರದಲ್ಲಿರುವ ಟೂಲ್ ನೇರವಾಗಿ 0.1 ಮಿ.ಮೀ. ಕೆಳಗಿಳಿದರೆ ವ್ಯಾಸದಲ್ಲಿ ಆಗುವ ವ್ಯತ್ಯಾಸ ಒಂದು ಮೈಕ್ರಾನಿಗಿಂತಲೂ ಕಡಿಮೆ. ಅದೇ ಟೂಲ್ ಅಡ್ಡಲಾಗಿ 0.1 ಮಿ.ಮೀ. ಸರಿದರೆ ವ್ಯಾಸ 0.2 ಮಿ.ಮೀ. ಬದಲಾಗುತ್ತದೆ. ಆದ್ದರಿಂದ ಮುಂಭಾಗದ ‘ವಿ’ ಹಾದಿಯ ಇಳಿಜಾರು ಸವೆದಿದ್ದರೆ ಹೆಚ್ಚು ಜಾಗರೂಕರಾಗಿರಬೇಕು.

2. ಸ್ಪಿಂಡಲ್: ಸ್ಪಿಂಡಲ್ಲಿನ ಮೂತಿಯ ಮೇಲೆ ಡಯಲ್ ಗೇಜ್ ಇಟ್ಟು, ಚಕ್ಕಿನ ಕೆಳಗೆ ಮರದ ತುಂಡಿನಿಂದ ಮೀಟಿ ಎತ್ತಿರಿ. ಸೂಜಿ 0.01ರಿಂದ 0.02 ಮಿ.ಮೀ. ಚಲಿಸಿದರೆ ಚಿಂತೆಯಿಲ್ಲ, 0.05 ದಾಟಿದರೆ ಬೇರಿಂಗ್ ಹೊಂದಿಸುವ ಇಲ್ಲವೆ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ. ಸ್ಪಿಂಡಲ್ಲಿನ ಮೈಯೇ ಗೀರುಬಿದ್ದಿದ್ದರೆ ಖರ್ಚು ಇನ್ನೂ ಏರುತ್ತದೆ.

3. ಗೇರ್‌ಗಳು: ಎಲ್ಲ ವೇಗಗಳಲ್ಲಿಯೂ, ಬ್ಯಾಕ್ ಗೇರ್ ಹಾಕಿಯೂ ಓಡಿಸಿ ಆಲಿಸಿ. ಸುತ್ತಿಗೊಮ್ಮೆ ‘ಟಕ್’ ಎಂದರೆ ಹಲ್ಲು ಮುರಿದಿದೆ. ಒಂದೆರಡು ಗೇರ್ ಕೆಟ್ಟಿರುವುದು ಯಂತ್ರವನ್ನು ತಿರಸ್ಕರಿಸಲು ಕಾರಣವಾಗಬಾರದು. ಅವುಗಳನ್ನು ಕತ್ತರಿಸಿ ಕೊಡುವ ವರ್ಕ್‌ಶಾಪ್‌ಗಳು ಸಿಗುತ್ತವೆ. ಆದರೆ ಚೇಂಜ್ ಗೇರ್‌ಗಳ ಸೆಟ್ ಪೂರ್ತಿ ಇದೆಯೇ ಎಂದು ಎಣಿಸಿ ನೋಡಿ. ಅಂಗುಲದ ಲೀಡ್ ಸ್ಕ್ರೂ ಇರುವ ಹಳೆಯ ಯಂತ್ರದಲ್ಲಿ ಮೆಟ್ರಿಕ್ ಥ್ರೆಡ್ ಕತ್ತರಿಸಬೇಕಾದರೆ 127 ಹಲ್ಲಿನ ಗೇರ್ ಬೇಕಾಗುತ್ತದೆ. ಒಂದು ಅಂಗುಲವೆಂದರೆ 25.4 ಮಿ.ಮೀ.; ಅದರ ಐದು ಪಟ್ಟು 127 ಎಂಬುದೇ ಇದರ ಗುಟ್ಟು.

4. ಲೀಡ್ ಸ್ಕ್ರೂ ಮತ್ತು ಹಾಫ್ ನಟ್: ಲೀಡ್ ಸ್ಕ್ರೂವಿನ ಹಲ್ಲು ಹೆಡ್‌ಸ್ಟಾಕಿನ ಬಳಿ ಚೂಪಾಗಿ, ಟೇಲ್‌ಸ್ಟಾಕಿನ ಬಳಿ ಚಪ್ಪಟೆಯಾಗಿ ಕಂಡರೆ ಸವೆತವಾಗಿದೆ. ಗನ್‌ಮೆಟಲ್ಲಿನ ಹಾಫ್ ನಟ್ ಬದಲಿಸುವುದು ಸುಲಭ. ಸ್ಕ್ರೂ ಬದಲಿಸುವುದು ದುಬಾರಿ. ಕ್ರಾಸ್ ಸ್ಲೈಡಿನ ಹ್ಯಾಂಡಲ್ ಕಾಲು ಸುತ್ತು ಖಾಲಿ ತಿರುಗಿದರೆ ಹೆದರಬೇಕಾಗಿಲ್ಲ. ಯಾವಾಗಲೂ ಒಂದೇ ದಿಕ್ಕಿನಿಂದ ಟೂಲ್ ಒಳತಂದರೆ ಅಳತೆ ತಪ್ಪುವುದಿಲ್ಲ. ನಟ್ ಅನ್ನು ಮುಂದೆ ಬದಲಿಸಿಕೊಳ್ಳಬಹುದು.

5. ಎರಕ: ಕಾಲು, ಟೇಲ್‌ಸ್ಟಾಕ್, ಗೇರ್ ಬಾಕ್ಸ್, ಏಪ್ರನ್ ಇವುಗಳನ್ನು ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಬಿರುಕಿಲ್ಲದ ಎರಕ ಗಂಟೆಯಂತೆ ನುಡಿಯುತ್ತದೆ. ಬಿರುಕಿದ್ದರೆ ಒಡಕು ಮಡಕೆಯ ಸದ್ದು. ಹೊಸ ಬಣ್ಣಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಜಂಗು ಹಿಡಿದು ಕೊಳಕಾಗಿರುವ, ಆದರೆ ಯಾರೂ ಕೈಯಾಡಿಸದ ಯಂತ್ರವೇ ಹಲವು ವೇಳೆ ಹೆಚ್ಚು ಪ್ರಾಮಾಣಿಕವಾದುದು.

ಸಾಗಣೆ

ಬೆಡ್ಡಿನ ಉದ್ದಕ್ಕೆ ಅನುಗುಣವಾಗಿ ಇಂಥ ಯಂತ್ರಗಳು ಅರ್ಧ ಟನ್ನಿನಿಂದ ಒಂದೂವರೆ ಟನ್ನಿನವರೆಗೆ ತೂಗುತ್ತವೆ. ತೂಕದ ಬಹುಭಾಗ ಹೆಡ್‌ಸ್ಟಾಕಿನ ಕಡೆಗೂ ಮೇಲ್ಭಾಗದಲ್ಲಿಯೂ ಇರುವುದರಿಂದ ಲೇಥ್ ಬಲುಬೇಗ ಮಗುಚುತ್ತದೆ. ಎತ್ತುವ ಮೊದಲು ಕ್ಯಾರೇಜನ್ನೂ ಟೇಲ್‌ಸ್ಟಾಕನ್ನೂ ಹಿಂದಿನ ತುದಿಗೆ ಸರಿಸಿ ಬಿಗಿದು, ತೂಕವನ್ನು ಸಮತೋಲನಕ್ಕೆ ತನ್ನಿ. ಪಟ್ಟಿಯನ್ನು ಬೆಡ್ಡಿಗೆ ಹಾಕಬೇಕು; ಲೀಡ್ ಸ್ಕ್ರೂ, ಫೀಡ್ ರಾಡ್ ಅಥವಾ ಸ್ಪಿಂಡಲ್ಲಿಗೆ ಅಲ್ಲ. ನೂರು ರೂಪಾಯಿ ಉಳಿಸಲು ಕ್ರೇನ್ ಬಿಟ್ಟು ಕೈಯಿಂದ ಉರುಳಿಸಲು ಹೋಗಿ ಸ್ಕ್ರೂ ಬಾಗಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಬಿಚ್ಚುವ ಶಿಸ್ತು

ಬಿಚ್ಚುವುದು ಎಲ್ಲರಿಗೂ ಬರುತ್ತದೆ. ಮರಳಿ ಜೋಡಿಸುವಾಗಲೇ ಪರೀಕ್ಷೆ. ಪ್ರತಿ ಹಂತದಲ್ಲಿಯೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಪ್ರತಿ ಭಾಗದ ಸ್ಕ್ರೂ, ವಾಷರ್, ಶಿಮ್‌ಗಳನ್ನು ಪ್ರತ್ಯೇಕ ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಡಿ. ಶಿಮ್ ಯಾವ ಬದಿಯದು, ಎಷ್ಟು ದಪ್ಪದ್ದು ಎಂಬುದನ್ನು ನೋಟ್‌ಬುಕ್ಕಿನಲ್ಲಿ ದಾಖಲಿಸಿ. ಟೇಪರ್ ಪಿನ್ನುಗಳನ್ನು ಸಣ್ಣ ತುದಿಯಿಂದ ಹೊಡೆದು ಹೊರತೆಗೆಯಬೇಕು. ದಪ್ಪ ತುದಿಯಿಂದ ಹೊಡೆದರೆ ಇನ್ನಷ್ಟು ಬಿಗಿಯುತ್ತವೆ. ಬಿಗಿಯಾಗಿ ಕುಳಿತ ಸ್ಕ್ರೂಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಉಕ್ಕಿನ ಸುತ್ತಿಗೆಯ ಬದಲು ಹಿತ್ತಾಳೆ ಅಥವಾ ನೈಲಾನ್ ಸುತ್ತಿಗೆ ಬಳಸಿ. ಇಡೀ ಯಂತ್ರವನ್ನು ಒಮ್ಮೆಗೇ ಬಿಚ್ಚಿ ಹರಡಬೇಡಿ. ಟೇಲ್‌ಸ್ಟಾಕ್ ಮುಗಿಸಿ ಕಂಪೌಂಡ್, ಅದು ಮುಗಿದ ಮೇಲೆ ಕ್ರಾಸ್ ಸ್ಲೈಡ್, ಕೊನೆಗೆ ಏಪ್ರನ್, ಹೀಗೆ ಸುಲಭದಿಂದ ಕಠಿಣದತ್ತ ಸಾಗಿ. ಸ್ಪಿಂಡಲ್ ಸುಸ್ಥಿತಿಯಲ್ಲಿದ್ದರೆ ಹೆಡ್‌ಸ್ಟಾಕನ್ನು ಬಿಚ್ಚಲೇಬೇಡಿ. ಎಣ್ಣೆ ಬದಲಿಸಿದರೆ ಸಾಕು.

ಜಂಗು ಮತ್ತು ಕೊಳೆ

ಗಟ್ಟಿಯಾದ ಗ್ರೀಸ್ ಹಾಗೂ ಚೂರುಗಳನ್ನು ಮರದ ಚಕ್ಕೆಯಿಂದ ಕೆರೆದು, ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್ಷಿನಿಂದ ತೊಳೆಯಿರಿ. ಆ ವೇಳೆ ಬೀಡಿ, ವೆಲ್ಡಿಂಗ್ ಕಿಡಿ ಹತ್ತಿರ ಸುಳಿಯಬಾರದು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಒಣಗಿದ ಬಣ್ಣವನ್ನು ಉಜ್ಜಿ ಧೂಳೆಬ್ಬಿಸಬೇಡಿ.

ಸಣ್ಣ ಕಬ್ಬಿಣದ ಭಾಗಗಳ ಜಂಗಿಗೆ ಅಗ್ಗದ ಉಪಾಯವೊಂದಿದೆ. ಪ್ಲಾಸ್ಟಿಕ್ ಟಬ್ಬಿನ ನೀರಿಗೆ ಲೀಟರಿಗೊಂದು ಚಮಚದಂತೆ ಬಟ್ಟೆ ಒಗೆಯುವ ಸೋಡಾ ಬೆರೆಸಿ, 12 ವೋಲ್ಟ್ ಬ್ಯಾಟರಿ ಚಾರ್ಜರಿನ ಋಣ ತುದಿಯನ್ನು ಜಂಗು ಹಿಡಿದ ಭಾಗಕ್ಕೂ ಧನ ತುದಿಯನ್ನು ಬೇರೊಂದು ಕಬ್ಬಿಣದ ತಗಡಿಗೂ ಜೋಡಿಸಿ, ಎರಡೂ ಒಂದಕ್ಕೊಂದು ತಾಗದಂತೆ ಮುಳುಗಿಸಿಡಿ. ಕೆಲವು ಗಂಟೆಗಳಲ್ಲಿ ಜಂಗು ಸಡಿಲಗೊಂಡು ಬ್ರಷ್ಷಿಗೆ ಉದುರುತ್ತದೆ. ಒಳ್ಳೆಯ ಲೋಹ ಕರಗುವುದಿಲ್ಲ. ಮೂರು ಎಚ್ಚರಿಕೆಗಳು ಅಗತ್ಯ: ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಬೇಡ, ಅದರಿಂದ ವಿಷಕಾರಿ ಕ್ರೋಮಿಯಂ ಹೊರಬರುತ್ತದೆ, ಹೈಡ್ರೋಜನ್ ಅನಿಲ ಏಳುವುದರಿಂದ ಗಾಳಿಯಾಡುವ ಕಡೆ ಮಾತ್ರ ಮಾಡಿ, ಕೈಹಾಕುವ ಮುನ್ನ ಚಾರ್ಜರ್ ಆರಿಸಿ. ಅಲ್ಯೂಮಿನಿಯಂ, ಹಿತ್ತಾಳೆಯ ಭಾಗಗಳಿಗೆ ಈ ವಿಧಾನ ಸಲ್ಲದು.

ಬೆಡ್ಡಿನ ಹಾದಿಗಳಿಗೆ ಗ್ರೈಂಡರ್ ಅಥವಾ ಒರಟು ಎಮರಿ ಕಾಗದ ತಾಗಿಸಬೇಡಿ. ಹೊಳಪು ಬರುತ್ತದೆ, ಆದರೆ ನೇರತನ ಹೋಗುತ್ತದೆ. ಉಳಿದ ಎಮರಿಯ ಕಣಗಳು ಮುಂದೆ ಸವೆತಕ್ಕೂ ಕಾರಣವಾಗುತ್ತವೆ. ಎಣ್ಣೆಯೊಡನೆ ನಯವಾದ ಸಾಣೆಕಲ್ಲನ್ನು ಹಗುರವಾಗಿ ಆಡಿಸಿ ಉಬ್ಬುಗಳನ್ನಷ್ಟೇ ತೆಗೆಯಿರಿ.

ಸ್ಕ್ರೇಪಿಂಗ್: ಮರೆಯಾಗುತ್ತಿರುವ ವಿದ್ಯೆ

ಎರಡು ಲೋಹದ ಮೈಗಳು ಸಮವಾಗಿ ಕೂಡುವಂತೆ ಮಾಡಲು ಒಂದಕ್ಕೆ ನೀಲಿ ಬಣ್ಣ ತೆಳುವಾಗಿ ಸವರಿ, ಇನ್ನೊಂದರ ಮೇಲೆ ಉಜ್ಜಿ, ನೀಲಿ ಅಂಟಿದ ಎತ್ತರದ ಚುಕ್ಕೆಗಳನ್ನು ಕೈಸ್ಕ್ರೇಪರಿನಿಂದ ಕೆರೆಯುತ್ತಾರೆ. ಮೂರು ಫಲಕಗಳನ್ನು ಅದಲುಬದಲು ಮಾಡಿ ಹೋಲಿಸುತ್ತ ಕೆರೆದರೆ ಮೂರೂ ನಿಜವಾದ ಸಮತಲವಾಗುತ್ತವೆ. ಎರಡೇ ಫಲಕಗಳಾದರೆ ಒಂದು ಉಬ್ಬಿ ಇನ್ನೊಂದು ತಗ್ಗಿಯೂ ಕೂಡಿಕೊಳ್ಳಬಹುದಾದ್ದರಿಂದ ಮೂರನೆಯದು ಸಾಕ್ಷಿಯಂತೆ ಬೇಕು. ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ 1840ರಲ್ಲಿ ವಿದ್ವಾಂಸರ ಮುಂದಿಟ್ಟ ಈ ತತ್ವದ ಮೇಲೆಯೇ ನಿಖರ ಯಂತ್ರಗಳ ತಯಾರಿಕೆ ನಿಂತಿದೆ.

ಹೊಸಬರು ಕ್ರಾಸ್ ಸ್ಲೈಡ್ ಮತ್ತು ಗಿಬ್ ಪಟ್ಟಿಗಳ ಮೇಲೆ ಈ ಅಭ್ಯಾಸ ಮಾಡಬಹುದು. ಬೆಡ್ಡಿಗೆ ಮಾತ್ರ ಕೈಹಾಕಬಾರದು. ಬೆಡ್ ತೀರಾ ಸವೆದಿದ್ದರೆ ಸ್ಲೈಡ್‌ವೇ ಗ್ರೈಂಡಿಂಗ್ ಯಂತ್ರವಿರುವಲ್ಲಿಗೆ ಕಳುಹಿಸಬೇಕು. ಆದರೆ ಬೆಡ್ ಅರೆದಷ್ಟೂ ಕ್ಯಾರೇಜ್ ಕೆಳಗಿಳಿದು ಲೀಡ್ ಸ್ಕ್ರೂ, ಫೀಡ್ ರಾಡ್‌ಗಳೊಡನೆ ಹೊಂದಾಣಿಕೆ ತಪ್ಪುತ್ತದೆ. ಅದನ್ನು ಸರಿದೂಗಿಸಲು ಕ್ಯಾರೇಜಿನ ಅಡಿಗೆ ಟರ್ಸೈಟ್‌ನಂತಹ ಹಾಳೆ ಅಂಟಿಸಿ ಸ್ಕ್ರೇಪ್ ಮಾಡಬೇಕು. ಈ ಎರಡೂ ಖರ್ಚುಗಳನ್ನು ಕೂಡಿಸದೆ ‘ಗ್ರೈಂಡಿಂಗ್ ಮಾಡಿಸಿದರಾಯಿತು’ ಎಂದುಕೊಳ್ಳುವುದು ಸಾಮಾನ್ಯ ತಪ್ಪು.

ವಿದ್ಯುತ್ ಮತ್ತು ಸುರಕ್ಷತೆ

ಹಳೆಯ ವೈರಿಂಗ್ ಅನ್ನು ಪೂರ್ತಿ ತೆಗೆದು ಹೊಸದು ಹಾಕಿಸಿ, ಅರ್ತಿಂಗ್ ಕಡ್ಡಾಯ. ಸ್ಟಾರ್ಟರ್ ಎಂಥದಿರಬೇಕೆಂದರೆ, ಕರೆಂಟ್ ಹೋಗಿ ಬಂದಾಗ ಯಂತ್ರ ತಾನಾಗಿಯೇ ಸುತ್ತಲಾರಂಭಿಸಬಾರದು. ಮೂರು ಫೇಸ್ ಸಂಪರ್ಕವಿಲ್ಲದವರು ಸಣ್ಣ ಮೋಟಾರನ್ನು ವಿಎಫ್‌ಡಿ ಮೂಲಕ ಒಂದೇ ಫೇಸಿನಲ್ಲಿ ಓಡಿಸಬಹುದು. ಆಗ ಹೊರಬರುವುದು ಸುಮಾರು 230 ವೋಲ್ಟ್ ಆದ್ದರಿಂದ, ಸ್ಟಾರ್‌ನಲ್ಲಿ 400 ವೋಲ್ಟ್, ಡೆಲ್ಟಾದಲ್ಲಿ 230 ವೋಲ್ಟ್ ಎಂದು ಫಲಕದಲ್ಲಿ ನಮೂದಿಸಿರುವ ಮೋಟಾರಿಗೆ ಡೆಲ್ಟಾ ಜೋಡಣೆ ಮಾಡಬೇಕು. ಬೆಲ್ಟಿಗೂ ಗೇರಿಗೂ ಕವಚವಿಲ್ಲದೆ ಯಂತ್ರ ಆರಂಭಿಸಬೇಡಿ. ಕೈಗವಸು, ಸಡಿಲ ತೋಳು, ಚಕ್ಕಿನಲ್ಲೇ ಬಿಟ್ಟ ಕೀಲಿ, ಇವು ಮೂರು ಲೇಥಿನ ಮೇಲೆ ಕೈ ಕಳೆದುಕೊಳ್ಳುವ ದಾರಿಗಳು. ಚಕ್ ಅನ್ನು ಥ್ರೆಡ್ಡಿನಿಂದ ತಿರುಗಿಸಿ ಕೂರಿಸುವ ಯಂತ್ರವಾದರೆ ಹಿಮ್ಮುಖವಾಗಿ ವೇಗದಲ್ಲಿ ಓಡಿಸುವುದೂ ಹಠಾತ್ತನೆ ನಿಲ್ಲಿಸುವುದೂ ಅಪಾಯ. ಚಕ್ ಕಳಚಿ ಬೀಳಬಹುದು.

ಎಣ್ಣೆಯ ವಿಷಯದಲ್ಲಿ ತಯಾರಕರ ಸೂಚನೆ ಸಿಕ್ಕರೆ ಅದನ್ನೇ ಪಾಲಿಸಿ. ಸ್ಲೈಡುಗಳಿಗೆ ಸಾಮಾನ್ಯವಾಗಿ ಐಎಸ್‌ಒ ವಿಜಿ 68 ದರ್ಜೆಯ ಸ್ಲೈಡ್‌ವೇ ಎಣ್ಣೆ ಸೂಕ್ತ. ವಾಹನದ ಎಂಜಿನ್ ಎಣ್ಣೆ ಕೊಳೆಯನ್ನು ತನ್ನಲ್ಲೇ ತೇಲಿಸಿಟ್ಟುಕೊಳ್ಳಲೆಂದು ತಯಾರಾದುದು. ಫಿಲ್ಟರ್ ಇಲ್ಲದ ಹೆಡ್‌ಸ್ಟಾಕಿಗೆ ಅದು ತಕ್ಕುದಲ್ಲ.

ನಿಲ್ಲಿಸುವುದು ಮತ್ತು ಪರೀಕ್ಷಿಸುವುದು

ನೆಲ ಗಟ್ಟಿಯಿರಬೇಕು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುತ್ತದೆ; ಅಂಥ ನೆಲದಲ್ಲಿ ಕಾಂಕ್ರೀಟ್ ಅಡಿಪಾಯ ಆಳವಾಗಿರದಿದ್ದರೆ ಜೂನ್ ತಿಂಗಳಲ್ಲಿ ಹೊಂದಿಸಿದ ಯಂತ್ರ ಮಾರ್ಚ್ ವೇಳೆಗೆ ತಿರುಚಿರುತ್ತದೆ. ಮೀಟರಿಗೆ 0.02 ಮಿ.ಮೀ. ತೋರಿಸುವ ನಿಖರ ಲೆವೆಲ್ಲನ್ನು ಬಾಡಿಗೆಗಾದರೂ ತಂದು ಎರಡೂ ತುದಿಗಳಲ್ಲಿ ಅಡ್ಡಲಾಗಿಟ್ಟು, ಎರಡೂ ಕಡೆ ಒಂದೇ ಓದು ಬರುವಂತೆ ಕಾಲುಗಳ ಬೋಲ್ಟ್ ಹೊಂದಿಸಿ.

ಬಳಿಕ ನಿಜವಾದ ಪರೀಕ್ಷೆ. ದಪ್ಪನೆಯ ಸರಳೊಂದನ್ನು ಚಕ್ಕಿನಲ್ಲಿ ಹಿಡಿದು, ಟೇಲ್‌ಸ್ಟಾಕಿನ ಆಸರೆಯಿಲ್ಲದೆ, ಸುಮಾರು 150 ಮಿ.ಮೀ. ಅಂತರದಲ್ಲಿ ಎರಡು ಪಟ್ಟಿಗಳನ್ನು ಒಂದೇ ಬಾರಿಗೆ ತೆಳುವಾಗಿ ಟರ್ನ್ ಮಾಡಿ ಮೈಕ್ರೋಮೀಟರಿನಿಂದ ಅಳೆಯಿರಿ. ಚಕ್ಕಿನ ಬಳಿ 30.00, ಹೊರತುದಿಯಲ್ಲಿ 30.04 ಮಿ.ಮೀ. ಬಂದರೆ ಅಲ್ಲಿ ಟೂಲ್ ಕೇಂದ್ರದಿಂದ 0.02 ದೂರ ಸರಿದಿದೆ ಎಂದರ್ಥ. ಟೇಲ್‌ಸ್ಟಾಕ್ ಬದಿಯ ಮುಂದಿನ ಕಾಲನ್ನು ತುಸು ಎತ್ತಿದರೆ ಬೆಡ್ ಹಿಂದಕ್ಕೆ ವಾಲಿ ಟೂಲ್ ಒಳಗೆ ಬರುತ್ತದೆ. ಹೊರತುದಿ ಕಿರಿದಾಗಿ ಬಂದರೆ ಇದರ ವಿರುದ್ಧ ಕ್ರಮ. ಇದು ಸರಿಯಾದ ಮೇಲೆಯೇ ಎರಡು ಸೆಂಟರ್‌ಗಳ ನಡುವೆ ಸರಳು ಹಿಡಿದು ಟೇಲ್‌ಸ್ಟಾಕಿನ ಪಕ್ಕದ ಸ್ಕ್ರೂಗಳನ್ನು ಹೊಂದಿಸಬೇಕು. ಈ ಕ್ರಮ ತಿರುವುಮುರುವಾದರೆ ಒಂದು ದೋಷವನ್ನು ಇನ್ನೊಂದು ದೋಷದಿಂದ ಮುಚ್ಚಿದಂತಾಗುತ್ತದೆ.

ಮೊದಲ ದಿನ ಕನಿಷ್ಠ ವೇಗದಲ್ಲಿ ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಬೇರಿಂಗಿನ ಕ್ಯಾಪ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಬಿಗಿತ ಹೆಚ್ಚಾಗಿದೆ. ಬಿಸಿಯಿಲ್ಲದಿದ್ದರೆ ಮುಂದಿನ ವೇಗ. ನಾನು ಬಿಟ್ಟದ್ದು ಇದೊಂದೇ ಹೆಜ್ಜೆ.

ಲೆಕ್ಕಾಚಾರ

ಯಂತ್ರದ ಬೆಲೆ 100 ಎಂದಿಟ್ಟುಕೊಂಡರೆ, ಸಾಗಣೆ, ಬೇರಿಂಗ್, ನಟ್, ವೈರಿಂಗ್, ಚಕ್, ಅಡಿಪಾಯಗಳಿಗೆ ಮತ್ತೊಂದು 60ರಿಂದ 100 ಬೇಕೆಂದು ಮೊದಲೇ ಎತ್ತಿಡುವುದು ನಾನು ಪಾಲಿಸುವ ನಿಯಮ. ಬೆಡ್ ಗ್ರೈಂಡಿಂಗ್ ಬೇಕಾದರೆ ಈ ಲೆಕ್ಕವೂ ಸಾಲದು; ಅಂಥ ಯಂತ್ರವನ್ನು ಬಿಟ್ಟು ಇನ್ನೊಂದನ್ನು ಹುಡುಕುವುದು ಜಾಣತನ. ಜಿಎಸ್‌ಟಿ ನೋಂದಣಿ ಇದ್ದವರು ಸರಿಯಾದ ಬಿಲ್ ಪಡೆದರೆ ತೆರಿಗೆಯ ಹೂಡುವಳಿ ಜಮೆಯನ್ನು ಪಡೆಯಬಹುದು. ಬಿಲ್ಲಿಲ್ಲದ ಅಗ್ಗದ ಖರೀದಿ ಹಲವು ವೇಳೆ ಅಗ್ಗವಾಗಿರುವುದಿಲ್ಲ. ಯಂತ್ರ ಕೆಲಸ ಆರಂಭಿಸುವ ಮೊದಲು ಮಾಡಿದ ದುರಸ್ತಿಯ ಖರ್ಚನ್ನು ಆಸ್ತಿಯ ಮೌಲ್ಯಕ್ಕೆ ಸೇರಿಸುವ ಬಗ್ಗೆ ತಮ್ಮ ಲೆಕ್ಕಪರಿಶೋಧಕರೊಡನೆ ವಿಚಾರಿಸಿರಿ. ನಿಮ್ಮ ದುಡಿಮೆಯ ದಿನಗಳಿಗೂ ಒಂದು ಕೂಲಿ ಬರೆದುಕೊಳ್ಳಿ. ಇಲ್ಲವಾದರೆ ಲಾಭವೆಂದು ಕಂಡದ್ದು ನಿಮ್ಮದೇ ಬೆವರಿನ ಬೆಲೆಯಾಗಿರುತ್ತದೆ.

ಈ ಯಂತ್ರ ಯಾವ ಕೆಲಸಕ್ಕೆ ಎಂಬುದೂ ಸ್ಪಷ್ಟವಿರಲಿ. ಒಂದೇ ಬಗೆಯ ಸಾವಿರ ಭಾಗಗಳನ್ನು ತಯಾರಿಸುವಲ್ಲಿ ಹಳೆಯ ಲೇಥ್ ಸಿಎನ್‌ಸಿ ಯಂತ್ರಕ್ಕೆ ಸಾಟಿಯಾಗದು. ಆದರೆ ಹೆಬ್ಬಳ್ಳಿ, ನವಲಗುಂದ, ಅಣ್ಣಿಗೇರಿ ಕಡೆಯಿಂದ ಬಿತ್ತನೆಯ ಹಂಗಾಮಿನಲ್ಲಿ ಟ್ರ್ಯಾಕ್ಟರಿನ ಮುರಿದ ಪಿನ್ನು, ಸವೆದ ಬುಷ್ ಹಿಡಿದು ಬರುವ ರೈತನಿಗೆ ಬೇಕಾದುದು ಒಂದೇ ಒಂದು ಭಾಗ, ಅದೂ ಸಂಜೆಯೊಳಗೆ. ಆ ಕೆಲಸದಲ್ಲಿ ಹಳೆಯ ಲೇಥಿಗೆ ಇಂದಿಗೂ ಬೆಲೆಯಿದೆ.

ಕೊನೆಯದಾಗಿ ಸದಸ್ಯ ಬಾಂಧವರಲ್ಲಿ ಒಂದು ವಿನಂತಿ. ಹಳೆಯ ಯಂತ್ರಗಳಿಗಿಂತ ಬೇಗ ಕಣ್ಮರೆಯಾಗುತ್ತಿರುವವರು ಅವುಗಳನ್ನು ಬಲ್ಲ ಫಿಟ್ಟರ್‌ಗಳು. ತಮ್ಮ ಘಟಕದಿಂದ ನಿವೃತ್ತರಾದ ಇಂಥ ಹಿರಿಯರಿದ್ದರೆ, ವಾರಕ್ಕೊಂದು ದಿನವಾದರೂ ಅವರನ್ನು ಗೌರವಧನ ಕೊಟ್ಟು ಕರೆಸಿ, ಇಬ್ಬರು ಹುಡುಗರನ್ನು ಪಕ್ಕದಲ್ಲಿ ನಿಲ್ಲಿಸಿ. ನೀಲಿ ಸವರಿ ಚುಕ್ಕೆ ನೋಡುವ ಕಣ್ಣು, ಸದ್ದು ಕೇಳಿ ಬೇರಿಂಗ್ ಅರಿಯುವ ಕಿವಿ ಯಾವ ಗುಜರಿ ಅಂಗಡಿಯಲ್ಲಿಯೂ ಮರಳಿ ಸಿಗುವುದಿಲ್ಲ.